ರೌಟರ್ ಹೊಟ್ಟೆಯೊಳಗಿನ ಕಾರ್ಡ್

ಸ್ವಿಟ್ಜರ್ಲೆಂಡ್‌ನ ಪಿಸಿ ಎಂಜಿನ್ಸ್ ಎಂಬ ಸಣ್ಣ ಕಂಪನಿ ತಯಾರಿಸುತ್ತಿದ್ದ ‘ಅಲಿಕ್ಸ್’ ಬೋರ್ಡ್‌ಗಳಲ್ಲಿ ತಿರುಗುವ ಭಾಗವೇ ಇಲ್ಲ. ಹಲವು ಮಾದರಿಗಳಲ್ಲಿ 500 ಮೆಗಾಹರ್ಟ್ಸ್‌ನ ಎಎಂಡಿ ಜಿಯೋಡ್ ಪ್ರೊಸೆಸರ್, 256 ಎಂಬಿ ರ್‍ಯಾಮ್. ಫ್ಯಾನ್ ಬೇಡ, ಹಾರ್ಡ್‌ಡಿಸ್ಕ್ ಬೇಡ. ಧೂಳು ಹಿಡಿದ ಮೂಲೆಯಲ್ಲಿ ರೌಟರ್ ಆಗಿ ಕೂತು ವರ್ಷಗಟ್ಟಲೆ ಕಚೇರಿಯ ಇಂಟರ್‌ನೆಟ್ ನಡೆಸಿದ ಗಟ್ಟಿ ಯಂತ್ರವಿದು. ಆದರೆ ಅದರಲ್ಲೂ ಸವೆಯುವ ವಸ್ತು ಒಂದಿದೆ: ತಂತ್ರಾಂಶವಿರುವ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್.

ಸ್ಯಾನ್‌ಡಿಸ್ಕ್ 1994ರಲ್ಲಿ ಹೊರತಂದ ಈ ಕಾರ್ಡನ್ನು ನಾವು ಹೆಚ್ಚಾಗಿ ಕಂಡಿದ್ದು ಕ್ಯಾಮೆರಾಗಳಲ್ಲಿ. ಹಳೆಯ ಐಡಿಇ ಡಿಸ್ಕಿನ ಭಾಷೆಯನ್ನೇ ಆಡುವುದರಿಂದ ರೌಟರ್ ಇದನ್ನು ಹಾರ್ಡ್‌ಡಿಸ್ಕ್ ಎಂದೇ ತಿಳಿಯುತ್ತದೆ. ಫ್ಲ್ಯಾಶ್‌ನಲ್ಲಿ ಅಳಿಸಿ ಬರೆದಷ್ಟೂ ಕೋಶಗಳ ನಿರೋಧಕ ಪದರ ತುಸುತುಸುವೇ ಹಾಳಾಗುತ್ತದೆ. ಸಾಧಾರಣ ಎಂಎಲ್‌ಸಿ ಕಾರ್ಡ್ ಕೆಲವು ಸಾವಿರ ಸಲ ತಾಳಿಕೊಂಡರೆ, ಕಾರ್ಖಾನೆ ಬಳಕೆಯ ಎಸ್‌ಎಲ್‌ಸಿ ಕಾರ್ಡ್ ಸುಮಾರು ಒಂದು ಲಕ್ಷ ಸಲ ತಾಳುತ್ತದೆ. ಬದಲಿಸುವಾಗ ಎಸ್‌ಎಲ್‌ಸಿಯನ್ನೇ ಹಾಕಿ. ಇಲ್ಲಿ ಉಳಿತಾಯ ನೋಡಬಾರದು.

ಕಾರ್ಡ್ ಕೆಟ್ಟಿದ್ದು ಕೆಟ್ಟ ದಿನವೇ ಗೊತ್ತಾಗುವುದಿಲ್ಲ. ಇಂಥ ಬೋರ್ಡ್‌ಗಳಲ್ಲಿ ಜನಪ್ರಿಯವಾಗಿದ್ದ ‘ಮೊನೊವಾಲ್’ ಫೈರ್‌ವಾಲ್ ಚಾಲೂ ಆಗುವಾಗ ಕಾರ್ಡಿನಿಂದ ಪೂರ್ತಿ ರ್‍ಯಾಮ್‌ಗೆ ಬಂದುಬಿಡುತ್ತಿತ್ತು. ಆಮೇಲೆ ಕಾರ್ಡಿನ ಗೊಡವೆಯೇ ಇಲ್ಲ. ತಿಂಗಳುಗಟ್ಟಲೆ ಎಲ್ಲವೂ ಸರಿ. ಒಂದು ದಿನ ಕರೆಂಟ್ ಹೋಗಿ ಬರುತ್ತದೆ, ರೌಟರ್ ಮೇಲೇಳುವುದಿಲ್ಲ. ದೀಪ ಮಾತ್ರ ಉರಿಯುತ್ತಿರುತ್ತದೆ. ಆಗ ‘ಬೋರ್ಡೇ ಹೋಯಿತು’ ಎಂದು ಹೊಸದು ಕೊಳ್ಳುವವರೂ ಉಂಟು. ಬಲ್ಲವರು ಮೊದಲು ಸೀರಿಯಲ್ ಕೇಬಲ್ ಸಿಕ್ಕಿಸುತ್ತಾರೆ. ಅಲಿಕ್ಸ್‌ಗೆ ಸೀರಿಯಲ್ ವೇಗ 38400 ಬಾಡ್. ಪರದೆಯಲ್ಲಿ ಬಯಾಸ್‌ನ ಸಾಲುಗಳು ಬಂದು, ಡಿಸ್ಕ್ ಓದುವ ಹೊತ್ತಿಗೆ ನಿಂತರೆ ಮೊದಲ ಅನುಮಾನ ಕಾರ್ಡಿನ ಮೇಲೆ.

ಬದಲಿಸುವ ಕೆಲಸಕ್ಕೆ ಬೇಕಾದದ್ದು ಸಮಾಧಾನ. ಕರೆಂಟ್ ತೆಗೆದು, ಮುಚ್ಚಳ ಬಿಚ್ಚಿ, ಕಾರ್ಡನ್ನು ಓರೆಯಾಗದಂತೆ ನೇರ ಎಳೆಯಬೇಕು. ಕಾರ್ಡಿನಲ್ಲಿರುವುದು 50 ತೂತು. ಸೂಜಿಯಂಥ ಪಿನ್ನುಗಳು ಬೋರ್ಡಿನ ಕಡೆ. ಒಂದು ಪಿನ್ ಬಾಗಿದರೂ ಸುಲಭದ ಕೆಲಸ ಕಷ್ಟದ್ದಾಗುತ್ತದೆ. ಹೊಸ ಕಾರ್ಡಿಗೆ ತಂತ್ರಾಂಶವನ್ನು ಸಾಮಾನ್ಯ ಕಡತದಂತೆ ನಕಲಿಸಿದರೆ ಬೂಟ್ ಆಗದು. ಕಾರ್ಡ್ ರೀಡರಿನಲ್ಲಿಟ್ಟು, ‘ಡಿಡಿ’ಯಂಥ ಸಾಧನದಿಂದ ಇಡೀ ಡಿಸ್ಕ್ ಇಮೇಜನ್ನು ಮೊದಲ ಬೈಟಿನಿಂದಲೇ ಬರೆಯಬೇಕು. ಬರೆಯುವ ಮುನ್ನ ಡಿಸ್ಕಿನ ಹೆಸರನ್ನು ಎರಡು ಸಲ ನೋಡಿಕೊಳ್ಳಿ, ಇಲ್ಲವಾದರೆ ಅಳಿಸುವುದು ನಿಮ್ಮ ಕಂಪ್ಯೂಟರನ್ನೇ.

ಮೊನೊವಾಲ್‌ನ ಸೆಟ್ಟಿಂಗ್‌ಗಳೆಲ್ಲ ಒಂದೇ ಎಕ್ಸ್‌ಎಂಎಲ್ ಕಡತದಲ್ಲಿ ಇರುತ್ತಿದ್ದವು. ಅದರ ಪ್ರತಿ ಕೈಯಲ್ಲಿದ್ದವರಿಗೆ ಕೆಲಸ ಬೇಗ ಮುಗಿಯುತ್ತಿತ್ತು, ಇಲ್ಲದವರು ಪ್ರತಿ ನಿಯಮವನ್ನೂ ನೆನಪಿಸಿಕೊಂಡು ಮತ್ತೆ ಕಟ್ಟಬೇಕಿತ್ತು. ಮೊನೊವಾಲ್ ಯೋಜನೆ 2015ರ ಫೆಬ್ರುವರಿಯಲ್ಲಿ ನಿಂತಿತು. ಹಾಗಾಗಿ ಇಂದು ಕಾರ್ಡ್ ಬದಲಿಸುವವರು ಆ ಹಳೆಯ ತಂತ್ರಾಂಶವನ್ನೇ ಮತ್ತೆ ಹಾಕಬಾರದು. ಜಿಯೋಡ್‌ಗೆಂದೇ ಪ್ರತ್ಯೇಕ ಇಮೇಜ್ ಕೊಟ್ಟಿರುವ ಓಪನ್‌ಡಬ್ಲ್ಯೂಆರ್‌ಟಿ ಒಳ್ಳೆಯ ಆಯ್ಕೆ. ಲಾಗ್‌ಗಳನ್ನು ಕಾರ್ಡಿಗೆ ಬರೆಸದೆ ಇನ್ನೊಂದು ಯಂತ್ರಕ್ಕೆ ಕಳಿಸಿದರೆ ಹೊಸ ಕಾರ್ಡಿನ ಆಯುಸ್ಸೂ ಹೆಚ್ಚುತ್ತದೆ.

ತೆಗೆದ ಕಾರ್ಡನ್ನು ಗುಜರಿಗೆ ಎಸೆಯಬೇಡಿ. ರೌಟರಿಗೆ ಓದಲಾಗದಿದ್ದರೂ ಅದರಲ್ಲಿ ನಿಮ್ಮ ಪಾಸ್‌ವರ್ಡ್, ವಿಪಿಎನ್ ಕೀಲಿಗಳು ಉಳಿದಿರಬಹುದು. ಒಳಗಿನ ಚಿಪ್‌ಗಳು ಚೂರಾಗುವಂತೆ ಒಡೆದು, ಆಮೇಲೆ ಇ-ತ್ಯಾಜ್ಯಕ್ಕೆ ಕೊಡಿ. ನಿಮ್ಮ ರೌಟರ್ ಇನ್ನೂ ನಡೆಯುತ್ತಿದ್ದರೆ ಅದರ ಸೆಟ್ಟಿಂಗ್ ಕಡತದ ಪ್ರತಿಯೊಂದನ್ನು ಇಂದೇ ತೆಗೆದಿಟ್ಟುಕೊಳ್ಳಿ.