ದೂರದ ಸರ್ವರಿನಲ್ಲಿ ದುಡಿಯುವ ಬೀನ್

ಮಳಗಿ ಎಂಬ ಊರಿನ ರೈತರೊಬ್ಬರು ಮೊಬೈಲಿನಲ್ಲಿ ಗೊಬ್ಬರದಂಗಡಿಗೆ ಐನೂರು ರೂಪಾಯಿ ಕಳಿಸುತ್ತಾರೆ ಎನ್ನಿ. ಒಂದು ಖಾತೆಯಿಂದ ಕಡಿತ, ಇನ್ನೊಂದಕ್ಕೆ ಜಮಾ. ಈ ಲೆಕ್ಕ ಫೋನಿನೊಳಗೆ ನಡೆಯುವುದಿಲ್ಲ. ಎಷ್ಟೋ ದೂರದ ಡೇಟಾ ಸೆಂಟರಿನಲ್ಲಿ ಒಂದು ಸರ್ವರ್ ಇನ್ನೊಂದನ್ನು ಕರೆದು ಮಾಡಿಸುತ್ತದೆ. ಇಂಥ ಕೆಲಸಕ್ಕೆ ಬಹಳ ಕಾಲದಿಂದ ಬಳಕೆಯಲ್ಲಿರುವುದು ಜಾವಾ ಅಪ್ಲಿಕೇಶನ್ ಸರ್ವರ್.

ಅದರೊಳಗಿನ ದುಡಿಮೆಗಾರನ ಮೂಲ ಹೆಸರು ಎಂಟರ್‌ಪ್ರೈಸ್ ಜಾವಾಬೀನ್. ಸನ್ ಮೈಕ್ರೋಸಿಸ್ಟಮ್ಸ್ ಇದರ ಮೊದಲ ನಿಯಮಾವಳಿಯನ್ನು 1998ರಲ್ಲಿ ಹೊರತಂದಿತು. ಬೀನ್ ಎಂದರೆ ವ್ಯವಹಾರದ ನಿಯಮವನ್ನಷ್ಟೇ ಬರೆದಿರುವ ಸಣ್ಣ ಕ್ಲಾಸ್. ಅದನ್ನು ಹುಟ್ಟಿಸುವುದು, ಕರೆದವರಿಗೆ ಅಧಿಕಾರವಿದೆಯೇ ಎಂದು ನೋಡುವುದು, ನಡುವೆ ಎಡವಿದರೆ ಕಡಿತವನ್ನೂ ಜಮಾವನ್ನೂ ಒಟ್ಟಿಗೇ ಹಿಂದಕ್ಕೆ ತರುವುದು ಸರ್ವರಿನಲ್ಲಿ ಬೀನನ್ನು ನಡೆಸುವ ‘ಕಂಟೇನರ್’ ಎಂಬ ಭಾಗದ ಹೊಣೆ. ಹಿಂದಿನ ಕರೆಯ ನೆನಪಿಟ್ಟುಕೊಳ್ಳದ ‘ಸ್ಟೇಟ್‌ಲೆಸ್’ ಬೀನ್‌ಗಳನ್ನು ಅದು ಗುಂಪಾಗಿ ಇಟ್ಟುಕೊಂಡು ಒಂದು ಕರೆಗೆ ಒಂದನ್ನು ಒದಗಿಸುತ್ತದೆ. ಮೊದಮೊದಲು ಒಂದೊಂದು ಬೀನ್‌ಗೂ ಉದ್ದುದ್ದ ಎಕ್ಸ್‌ಎಂಎಲ್ ಕಡತ ಬರೆದು ಪ್ರೋಗ್ರಾಮರುಗಳು ಸೋತರು. 2006ರ ಮೂರನೇ ಆವೃತ್ತಿಯಲ್ಲಿ ಕ್ಲಾಸಿನ ತಲೆಯ ಮೇಲೆ ‘ಸ್ಟೇಟ್‌ಲೆಸ್’ ಎಂದು ಗುರುತು ಹಾಕಿದರೆ ಸಾಕೆಂದಾಯಿತು. ಈ ತಂತ್ರ ಉಳಿದದ್ದೇ ಆ ಬದಲಾವಣೆಯಿಂದ ಎಂದು ನನ್ನ ನಂಬಿಕೆ.

ಬೀನನ್ನು ನಿಯೋಜಿಸುವುದು ಈಗ ಸುಲಭ. ವೈಲ್ಡ್‌ಫ್ಲೈ ಸರ್ವರಿನಲ್ಲಾದರೆ (ಹಿಂದಿನ ಹೆಸರು ಜೆಬಾಸ್) ಬೀನನ್ನು ಕಟ್ಟಿಟ್ಟ ಜಾರ್ ಫೈಲನ್ನು ‘ಡಿಪ್ಲಾಯ್‌ಮೆಂಟ್ಸ್’ ಫೋಲ್ಡರಿಗೆ ಹಾಕಿದರಾಯಿತು. ಗೆದ್ದರೆ ‘ಡಿಪ್ಲಾಯ್ಡ್’, ಸೋತರೆ ‘ಫೇಲ್ಡ್’ ಎಂಬ ಗುರುತಿನ ಫೈಲ್ ಪಕ್ಕದಲ್ಲಿ ಮೂಡುತ್ತದೆ. ಬೀನ್‌ಗೆ ಜೆಎನ್‌ಡಿಐ ಎಂಬ ಹೆಸರುಗಳ ಪಟ್ಟಿಯಲ್ಲಿ ಒಂದು ಹೆಸರು ಸಿಗುತ್ತದೆ. ಹೊರಗಿನ ಪ್ರೋಗ್ರಾಂ ಆ ಹೆಸರು ಹಿಡಿದು ಹುಡುಕಿದಾಗ ಕೈಗೆ ಬರುವುದು ಬೀನ್ ಅಲ್ಲ, ಅದರ ಪ್ರತಿನಿಧಿ. ನಾವು ಅದನ್ನು ಕರೆದರೆ ಅದು ಮಾಹಿತಿಯನ್ನು ಬೈಟ್‌ಗಳಾಗಿಸಿ ನೆಟ್‌ವರ್ಕಿನಲ್ಲಿ ಸಾಗಿಸಿ, ಉತ್ತರವನ್ನು ತಂದೊಪ್ಪಿಸುತ್ತದೆ. ಹೋಗುವುದು ಮಾಹಿತಿಯ ಪ್ರತಿ ಮಾತ್ರ. ಅಲ್ಲಿ ತಿದ್ದಿದ್ದು ಇಲ್ಲಿನ ಮೂಲದಲ್ಲಿ ಕಾಣದು.

ಮಳಗಿಯ ಧರ್ಮಾ ಜಲಾಶಯದಲ್ಲಿ ನಿಂತ ನೀರು ಹರಿಯುವುದು ಹಾನಗಲ್ಲಿನ ಗದ್ದೆಗಳಿಗೆ. ಗದ್ದೆಯವರಿಗೆ ತೂಬಿನ ಚಿಂತೆ ಬೇಕಿಲ್ಲ. ಕಾಲುವೆಯ ಚಿಂತೆ ಮಾತ್ರ ತಪ್ಪದು. ದೂರದ ಕರೆಗೂ ಇದೇ ಮಾತು. ಪಕ್ಕದ ಕರೆಯಂತೆಯೇ ಒಂದು ಸಾಲಿನಲ್ಲಿ ಬರೆದರೂ ಅದು ಸಾವಿರಾರು ಪಟ್ಟು ನಿಧಾನವಾಗಬಹುದು, ಅರ್ಧದಲ್ಲಿ ಕಡಿದೂ ಹೋಗಬಹುದು. ಪ್ರೋಗ್ರಾಮಿನ ವಸ್ತುಗಳನ್ನು (ಆಬ್ಜೆಕ್ಟ್) ದೂರದೂರ ಹಂಚಲೇಬೇಡಿ ಎಂಬುದನ್ನು ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2002ರ ತಮ್ಮ ಪುಸ್ತಕದಲ್ಲಿ ಮೊದಲ ನಿಯಮವಾಗಿಸಿದ್ದು ಇದಕ್ಕೇ.

ನಿಜವಾದ ಕಗ್ಗಂಟು ಉತ್ತರ ಕಳೆದುಹೋದಾಗ. ಸರ್ವರಿನಲ್ಲಿ ಹಣ ದಾಟಿ, ವ್ಯವಹಾರ ಮುಗಿದಿದೆ. ಸುದ್ದಿ ಹಿಂದಿರುಗುವ ಮೊದಲೇ ಸಂಪರ್ಕ ಕಡಿಯಿತು. ಕರೆದವನಿಗೆ ಕಾಣುವುದು ‘ವಿಫಲ’. ಮತ್ತೆ ಕರೆದರೆ ಹಣ ಎರಡು ಸಲ ಹೋಗುತ್ತದೆ. ಇದನ್ನು ಕಂಟೇನರ್ ತಾನಾಗಿ ಬಿಡಿಸದು. ಪ್ರತಿ ಕೋರಿಕೆಗೂ ಬೇರೆಯೇ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಹಳೆಯ ಉತ್ತರವನ್ನೇ ಮರಳಿಸುವಂತೆ ಬೀನ್ ಬರೆಯುವವರೇ ಮಾಡಬೇಕು.

ಮಳೆಗಾಲದಲ್ಲಿ ಸಿಗ್ನಲ್ ಬಂದುಹೋಗುವ ಕಾಡಂಚಿನ ಊರುಗಳಲ್ಲೂ ಜನ ದುಡ್ಡು ಕಳಿಸುತ್ತಾರೆ. ಸಾಫ್ಟ್‌ವೇರ್ ಬರೆಯುವವರು ಮೊದಲು ಯೋಚಿಸಬೇಕಾದ್ದು ಆ ಬಳಕೆದಾರರ ಬಗ್ಗೆ. ಓದುಗರೇ, ಹಣ ಕಳಿಸುವಾಗ ಪರದೆ ಅರ್ಧಕ್ಕೆ ನಿಂತರೆ ಮತ್ತೆ ಒತ್ತುವ ಮೊದಲು ಖಾತೆಯ ಬಾಕಿ ಒಮ್ಮೆ ನೋಡಿಕೊಳ್ಳಿ.