ಪಾವು ಬಂದರೆ ಪಗಾರ

ಸೋಮನೂರು: ಬೆಂಗಳೂರಿನ ಕಂಪನಿಯಲ್ಲಿ ಕೆಲಸ ಹೋದರೆ ಕೈಗೆ ಒಂದು ಪತ್ರವಾದರೂ ಬರುತ್ತದೆ. ಸೋಮನೂರಿನ ಮಗ್ಗದ ಶೆಡ್ಡಿನಲ್ಲಿ ಪತ್ರ ಕೊಡುವವರೂ ಇಲ್ಲ, ಕೇಳುವವರೂ ಇಲ್ಲ. ಪಾವು ಬರೋದು ನಿಲ್ಲುತ್ತದೆ, ಅಷ್ಟೇ. ಖಟಖಟ ಸದ್ದು ಅಡಗಿತು ಅಂದರೆ ಕೆಲಸ ಹೋಯಿತು ಅಂತಲೇ ಅರ್ಥ.

ದಿಂಬಂ ಘಾಟಿ ಇಳಿದು ಸತ್ಯಮಂಗಲ, ಪುಳಿಯಂಪಟ್ಟಿ ದಾಟಿ ಹೋದರೆ ಸಿಗುವ ನೇಕಾರರ ಸೀಮೆ ಇದು. ಸೋಮನೂರು ಇರುವುದು ಕೊಯಮತ್ತೂರು-ತಿರುಪ್ಪೂರು ರೈಲು ಹಾದಿಯಲ್ಲಿ. ಇಲ್ಲಿಂದ ಪಲ್ಲಡಂ, ಅವಿನಾಶಿ, ಮಂಗಲಂ, ತೆಕ್ಕಲೂರುವರೆಗೆ ಎರಡೂ ಜಿಲ್ಲೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ವಿದ್ಯುತ್ ಮಗ್ಗಗಳಿವೆ. ಈ ಸೀಮೆಯ ದೇವಾಂಗರಲ್ಲಿ ಅನೇಕರ ಮನೆಮಾತು ಇಂದಿಗೂ ಕನ್ನಡವೇ, ಓದು-ಬರಹ ಮಾತ್ರ ತಮಿಳು. ನಾವು ಹಾಸು, ಹೊಕ್ಕು ಅನ್ನುವುದಕ್ಕೆ ಕೆಲಸದ ಜಾಗದಲ್ಲಿ ಪಾವು, ಊಡೆ.

ಇಲ್ಲಿನ ಲೆಕ್ಕ ಹೀಗಿದೆ. ನೂಲು ಕೊಂಡು ಪಾವು ಸುತ್ತಿಸಿ ಕಳಿಸುವವನು ಜವುಳಿ ವ್ಯಾಪಾರಿ. ಮಗ್ಗದವನು ಅದನ್ನು ಕಾಡಾ ಬಟ್ಟೆಯಾಗಿ ನೇಯ್ದು ಕೊಟ್ಟು ಮೀಟರಿಗೆ ಇಷ್ಟು ಅಂತ ಕೂಲಿ ಪಡೆಯುತ್ತಾನೆ. ಕರೆಂಟ್ ಬಿಲ್ಲು, ಬಿಡಿಭಾಗ, ಆಳುಗಳ ವಾರದ ಬಟವಾಡೆ ಎಲ್ಲವೂ ಆ ಕೂಲಿಯಲ್ಲೇ ಆಗಬೇಕು. ಹೀಗಾಗಿ ಆರೆಂಟು ಮಗ್ಗದ ‘ಮಾಲೀಕ’ನೂ ಒಂದು ರೀತಿಯಲ್ಲಿ ಕೂಲಿಯವನೇ. ಅವನಿಗೆ ಪಾವು ಕೊಡದಿದ್ದರೆ ಅವನ ಕೈಕೆಳಗಿನ ಮೂರು ನಾಲ್ಕು ಜನಕ್ಕೂ ರಜೆ, ಪಗಾರವಿಲ್ಲದ ರಜೆ.

ಅದಕ್ಕೇ ಇಲ್ಲಿ ಕೆಲಸ ಉಳಿಯುವ ಪ್ರಶ್ನೆ ಮೀಟರಿನ ದರಕ್ಕೆ ಕಟ್ಟಿಕೊಂಡಿದೆ. 2014ರ ಒಪ್ಪಂದದ ನಂತರ ವರ್ಷಗಟ್ಟಲೆ ದರ ಏರಲಿಲ್ಲ. 2021ರ ನವೆಂಬರಿನಲ್ಲಿ ಸಚಿವರ ಸಮ್ಮುಖದಲ್ಲಿ ಸೋಮನೂರು ರಕಕ್ಕೆ ಶೇ 23, ಉಳಿದವಕ್ಕೆ ಶೇ 20 ಏರಿಕೆ ಅಂತ ತೀರ್ಮಾನವಾಯಿತು. ವ್ಯಾಪಾರಿಗಳು ಕೊಡಲಿಲ್ಲ. 2022ರ ಜನವರಿಯಲ್ಲಿ ಮಗ್ಗಗಳು ನಿಂತವು, ಕೊನೆಗೆ ದಕ್ಕಿದ್ದು ಅದಕ್ಕಿಂತ ಕಡಿಮೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕರೆಂಟ್ ದರ ಏರಿತು. ಎರಡು ತಿಂಗಳಿಗೆ 750 ಯೂನಿಟ್ ಪುಕ್ಕಟೆ ಇದ್ದದ್ದು 2023ರಲ್ಲಿ 1000ಕ್ಕೆ ಏರಿದ್ದು ಸಣ್ಣ ಶೆಡ್ಡುಗಳಿಗೆ ಉಸಿರು ಕೊಟ್ಟಿತು. ಮತ್ತೆ 2025ರ ಮಾರ್ಚ್ 19ರಿಂದ ಒಂದು ತಿಂಗಳು ದಾಟಿ ಮುಷ್ಕರ, ಉಪವಾಸ. ಸೋಮನೂರು ರಕಕ್ಕೆ ಶೇ 15, ಪಲ್ಲಡಂ ರಕಕ್ಕೆ ಶೇ 10 ಏರಿಕೆಗೆ ಒಪ್ಪಿದ ಮೇಲೆ ಶೆಡ್ಡಿನ ಬಾಗಿಲು ತೆರೆಯಿತು. ಆ ಒಂದು ತಿಂಗಳ ದಿನಸಿ ಸಾಲ ತೀರಿಸಿದ್ದು ಯಾರು ಅಂತ ಯಾವ ಒಪ್ಪಂದದಲ್ಲೂ ಬರೆದಿರುವುದಿಲ್ಲ.

ಇಂಥ ಹೊತ್ತಿನಲ್ಲಿ ಶೆಡ್ಡಿನೊಳಗೆ ಉಳಿಯುವವನು ಯಾರು? ಎಂಟು ಮಗ್ಗದಲ್ಲಿ ನಾಲ್ಕೇ ಓಡುವಾಗ ಎಲ್ಲರಿಗೂ ಕೆಲಸ ಇರದು. ಬರೀ ಲಾಳಿ ಬದಲಿಸಿ, ಹರಿದ ಎಳೆ ಗಂಟು ಹಾಕುವವನನ್ನು ಮೊದಲು ‘ಆಮೇಲೆ ಬಾರಪ್ಪ’ ಅನ್ನುತ್ತಾರೆ. ಮಗ್ಗ ಕೆಟ್ಟರೆ ಮಿಸ್ತ್ರಿಯನ್ನು ಕಾಯದೆ ತಾನೇ ಸರಿ ಮಾಡುವವನು, ಮುಗಿದ ಪಾವಿಗೆ ಹೊಸ ಪಾವು ಹೆಣೆಯಬಲ್ಲವನು, ರಾತ್ರಿ ಪಾಳಿಗೂ ಸೈ ಅನ್ನುವವನು ಉಳಿಯುತ್ತಾನೆ. ಗಂಡ ಮಗ್ಗ ಓಡಿಸಿ ಹೆಂಡತಿ ಕಂಡಿಕೆ ಸುತ್ತುವ ಮನೆಮಗ್ಗವಾದರೆ ತೆಗೆದುಹಾಕಲು ಆಳೇ ಇರುವುದಿಲ್ಲ. ಆದರೆ ಕೈಕಸುಬು ಎಷ್ಟಿದ್ದರೇನು, ಪಾವೇ ಬಾರದಿದ್ದರೆ ಒಳ್ಳೆ ನೇಕಾರನೂ ಬಾಗಿಲಲ್ಲಿ ಕೂತಿರಬೇಕು. ‘ಹೊಸದು ಕಲಿ, ಕೆಲಸ ಉಳಿಯುತ್ತೆ’ ಅಂತ ಪೇಟೆಯವರು ಹೇಳುವ ಬುದ್ಧಿಮಾತು ಇಲ್ಲಿ ಅರ್ಧ ದಾರಿಗೇ ನಿಲ್ಲುತ್ತದೆ.

ಬೇಡಪ್ಪ ಮಗ್ಗ ಅಂತ ಪಕ್ಕದ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದವರಿದ್ದಾರೆ. ಅಲ್ಲಾದರೂ ನೆಮ್ಮದಿಯೇ? 2011ರ ಜನವರಿಯಲ್ಲಿ ನೊಯ್ಯಲ್ ನದಿಯ ಮಾಲಿನ್ಯದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ ಬಣ್ಣದ ಘಟಕಗಳು ಮುಚ್ಚಿದಾಗ ಹೊಲಿಗೆಯವರಿಗೂ ಏಟು ಬಿತ್ತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಶೇ 50 ಸುಂಕ ಹೇರಿದಾಗ ಆರ್ಡರುಗಳೇ ತಡೆದು ನಿಂತವು.

ಇನ್ನು ಕಾನೂನು. ‘ಲೇ-ಆಫ್’ ಆದರೆ ಮೂಲ ವೇತನ ಮತ್ತು ತುಟ್ಟಿಭತ್ಯದ ಅರ್ಧ ಪರಿಹಾರ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯೂ ಅದನ್ನೇ ಹೇಳುತ್ತದೆ. ಆದರೆ ಅದು 50 ಮಂದಿ ಕಾರ್ಮಿಕರಿರುವ ಕಡೆಗೆ, ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಒಂದು ವರ್ಷ ದುಡಿದವರಿಗೆ. ಇಎಸ್‌ಐ ಬೇಕಾದರೂ ಹತ್ತು ಜನ ಇರಬೇಕು. ನಾಲ್ಕು ಆಳಿನ ಶೆಡ್ಡು ಈ ಎರಡೂ ಲೆಕ್ಕಕ್ಕೆ ಸಿಗುವುದಿಲ್ಲ.

ವಿದ್ಯುತ್ ಮಗ್ಗ ಕಾರ್ಮಿಕರಿಗೆ ತಮಿಳುನಾಡಿನಲ್ಲಿ ಪ್ರತ್ಯೇಕ ಕಲ್ಯಾಣ ಮಂಡಳಿ ಇದೆ. ಹೆಸರು ನೋಂದಾಯಿಸಿದವರಿಗೆ ಮಕ್ಕಳ ಓದು, ಮದುವೆ, ಪಿಂಚಣಿಗೆ ನೆರವುಂಟು. ಮಗ್ಗ ನಿಂತ ದಿನಗಳ ಕೂಲಿ ಮಾತ್ರ ಅಲ್ಲಿ ಸಿಗುವುದಿಲ್ಲ. ಕೂಲಿ ಕಟ್ಟುಬೀಳದ ಕೆಲವರು ಮಗ್ಗವನ್ನೇ ಗುಜರಿಗೆ ತೂಕದ ಲೆಕ್ಕದಲ್ಲಿ ಮಾರಿದ್ದೂ ಇದೆ. ಆ ಶೆಡ್ಡಿನ ಆಳುಗಳು ಈಗ ಪಕ್ಕದ ಶೆಡ್ಡಿನಲ್ಲಿ ಜಾಗ ಇದೆಯಾ ಅಂತ ವಿಚಾರಿಸುತ್ತಾರೆ.