ಆಫೀಸು, 405 ಮತ್ತು ವಾರಕ್ಕೊಂದು ಪುಟ

ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ, ಸ್ಯಾನ್ ಡಿಯಾಗೋದಿಂದ ಬಂದಿದ್ದ ಸ್ನೇಹಿತರೊಬ್ಬರು ಕೇಳಿದರು: "ಅಲ್ಲ ಮಾರಾಯ್ರೆ, ಆಫೀಸು, ಮಕ್ಕಳು, ಅವರ ಈಜಿನ ಕ್ಲಾಸು, ಇದರ ಮಧ್ಯೆ ಕನ್ನಡದಲ್ಲಿ ಬರೆಯೋಕೆ ಟೈಮ್ ಎಲ್ಲಿಂದ ತರ್ತೀರಿ?" ಅಷ್ಟರಲ್ಲಿ ಪುಳಿಯೋಗರೆಯ ಪಾತ್ರೆ ಎದುರಾದದ್ದರಿಂದ ಉತ್ತರ ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿದೆ.

ಟೈಮ್ ಯಾರಿಗೂ ಇರಲಿಲ್ಲ. ಯಶವಂತ ಚಿತ್ತಾಲರು ಮುಂಬಯಿಯ ಬೇಕಲೈಟ್ ಹೈಲಮ್ ಕಂಪನಿಯಲ್ಲಿ ದುಡಿಯುತ್ತಲೇ 'ಶಿಕಾರಿ' (1979) ಬರೆದರು. ಆ ಕಾದಂಬರಿಯ ಸರಕೂ ಕಂಪನಿಯೊಳಗಿನ ಒಳಸಂಚೇ! ವಸುಧೇಂದ್ರ ಅವರು ಸಾಫ್ಟ್‌ವೇರ್ ಕೆಲಸದಲ್ಲಿದ್ದುಕೊಂಡೇ ಕಥೆ, ಪ್ರಬಂಧ ಬರೆದರು; 'ಛಂದ ಪುಸ್ತಕ' ಪ್ರಕಾಶನವನ್ನೂ ಕಟ್ಟಿದರು. ಅಮೆರಿಕದಲ್ಲೇ ಇರುವ ಸಾಫ್ಟ್‌ವೇರ್ ಎಂಜಿನಿಯರ್ ಶ್ರೀವತ್ಸ ಜೋಶಿಯವರು 2002ರಿಂದ 2007ರವರೆಗೆ ಆಗಿನ ದಟ್ಸ್‌ಕನ್ನಡದಲ್ಲಿ 'ವಿಚಿತ್ರಾನ್ನ'ವನ್ನು ವಾರವಾರವೂ ಬಡಿಸಿದರು. ನಮ್ಮ ಊರಿನದೇ ಕಥೆ ಬೇಕೆಂದರೆ ಎಂ.ಆರ್. ದತ್ತಾತ್ರಿಯವರ 'ದ್ವೀಪವ ಬಯಸಿ' (2011) ಕಾದಂಬರಿ ಇದೆ. ಲಾಸ್ ಏಂಜಲೀಸ್‌ಗೆ ಬಂದ ಎಂಜಿನಿಯರ್ ಒಬ್ಬನ ಕಥೆ ಅದು.

ಅಂಕಣಕ್ಕೊಂದು ಅನುಕೂಲವಿದೆ. ಇಂಥ ದಿನ ಬರುತ್ತದೆ ಎಂದು ಗೊತ್ತಾದರೆ, ಓದುಗರು ಬೆಳಿಗ್ಗೆ ಹಾಲಿನವನನ್ನು ಕಾಯುವ ಹಾಗೆ ಕಾಯುತ್ತಾರೆ. ನಾನು ಮೊದಮೊದಲು ಮೂಡ್ ಬಂದಾಗ ಬರೆಯುತ್ತಿದ್ದೆ. ಒಂದೇ ತಿಂಗಳಲ್ಲಿ ನಾಲ್ಕು, ಆಮೇಲೆ ಮೂರು ತಿಂಗಳು ಸೊನ್ನೆ. ಓದುತ್ತಿದ್ದವರೂ ಮರೆತುಬಿಟ್ಟರು, ತಪ್ಪೇನೂ ಅವರದಲ್ಲ. ಈಗ ಶನಿವಾರಕ್ಕೆ ಒಂದು ಪುಟ, ಅಷ್ಟೇ. ಎರಡು ಪುಟ ಬಂದರೆ ಅರ್ಧವನ್ನು ಮುಂದಿನ ವಾರಕ್ಕೆ ಎತ್ತಿಡುತ್ತೇನೆ, ಮಿಕ್ಕ ಹುಳಿಯನ್ನು ಫ್ರಿಜ್ಜಿನಲ್ಲಿಟ್ಟ ಹಾಗೆ.

ವಿಷಯ ಎಲ್ಲಿಂದ? 405 ಇದೆಯಲ್ಲ! ಸ್ಟಿಯರಿಂಗ್ ಹಿಡಿದು ಬರೆಯಲಾಗದು, ಬರೆಯಲೂಬಾರದು. ಆದರೆ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ತಿರುಗಿಸುತ್ತಾ ಕೂರಬಹುದು. ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ಐದು ನಿಮಿಷ ಅದನ್ನು ಫೋನಿಗೆ ಇಳಿಸುತ್ತೇನೆ. ಮೊದಲ ವಾಕ್ಯ ಸಿಕ್ಕಿದ್ದರೆ ರಾತ್ರಿ ಮಕ್ಕಳು ಮಲಗಿದ ಮೇಲೆ ಕೂರಲು ಧೈರ್ಯ ಬರುತ್ತದೆ. ಖಾಲಿ ಪರದೆ ಇದ್ದರೆ ನಿದ್ದೆ ಬರುತ್ತದೆ. ಕನ್ನಡ ಟೈಪಿಂಗ್ ಬರುವುದಿಲ್ಲ ಎಂಬ ನೆಪವನ್ನಂತೂ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲೇ ಕಿತ್ತುಕೊಂಡಿತು. ಈಗ ಫೋನಿನಲ್ಲೇ ಕನ್ನಡದ ಕೀಲಿಮಣೆ ಇದೆ.

ಕಳಿಸುವ ಹೊತ್ತಿಗೂ ಒಂದು ಲೆಕ್ಕವಿದೆ. ಊರಿಗಿಂತ ನಾವು ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿ ಶನಿವಾರ ಸಂಜೆ ಐದಕ್ಕೆ ಕಳಿಸಿದರೆ ಅಲ್ಲಿ ಭಾನುವಾರ ಬೆಳಗಿನ ಐದೂವರೆ ಅಥವಾ ಆರೂವರೆ. ಕಾಫಿಯ ಜೊತೆಗೆ ಸರಿಯಾಗಿ ಸಿಗುತ್ತದೆ. ನಾವು ಮಲಗುವ ಹೊತ್ತಿಗೆ ಕಳಿಸಿದರೆ ಅಲ್ಲಿ ಮನೆಗೆ ನೆಂಟರು ಬಂದಿರುತ್ತಾರೆ, ನಮ್ಮ ಪುಟವನ್ನು ಕೇಳುವವರಿಲ್ಲ.

ಎಷ್ಟು ಜನ ಓದುತ್ತಾರೆ ಎಂದು ಎಣಿಸುವ ಚಟ ನನಗೂ ಇತ್ತು. ಕಳೆದ ವರ್ಷ ಆಫೀಸಿನಲ್ಲಿ ರಿಲೀಸ್ ಇದ್ದ ವಾರ ಏನೂ ಬರೆಯಲಾಗಲಿಲ್ಲ. ಭಾನುವಾರ ತೀರ್ಥಹಳ್ಳಿಯಿಂದ ಅಮ್ಮನ ಫೋನು. "ಈ ವಾರ ಯಾಕೋ ಬರಲಿಲ್ಲ? ಹುಷಾರಾಗಿದ್ದೀ ತಾನೆ? ನಿನ್ನಪ್ಪ ಬೆಳಿಗ್ಗೆಯಿಂದ ಮೂರು ಸಲ ಕೇಳಿದ್ರು." ಅಪ್ಪನಿಗೆ ಈಗ ಕಣ್ಣು ಮಂಜು, ಓದಲಾಗುವುದಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ಪ್ರತಿ ವಾರ ಗಟ್ಟಿಯಾಗಿ ಓದಿ ಹೇಳುತ್ತಿದ್ದಾಳೆಂಬುದು ನನಗೆ ಅಂದೇ ಗೊತ್ತಾದದ್ದು. ಉದ್ದ ವಾಕ್ಯ ಬಂದಾಗ ಉಸಿರು ಸಾಲುವುದಿಲ್ಲ ಎಂದೂ ಹೇಳಿದಳು.

ಈಗ ಕಳಿಸುವ ಮುನ್ನ ಗ್ಯಾರೇಜಿನಲ್ಲಿ ನಿಂತು ಒಮ್ಮೆ ಗಟ್ಟಿಯಾಗಿ ಓದುತ್ತೇನೆ. ಉಸಿರು ಕಟ್ಟಿದಲ್ಲೆಲ್ಲ ಒಂದು ಪೂರ್ಣವಿರಾಮ ಹಾಕುತ್ತೇನೆ.